ಎರಡು ಕಾಲಂ ಮುಖ

ಆ ಕೆನ್ನೆಯ ಮೇಲೆ ಬೆರಳಾಡಿಸಿದಾಗ ಸೀತಾರಾಮಯ್ಯನವರಿಗೆ ಏನೋ ಚುಚ್ಚಿದಂತಾಯಿತು.

"ಚೌಡಪ್ಪನೋರೇ, ಸ್ವಲ್ಪ ಇಲ್ಲಿ ಬನ್ನಿ. ಏನಿದು?"

'ದಿನದೀಪ' ಪತ್ರಿಕೆಯ ಫೋರ್‌ಮನ್ ಚೌಡಪ್ಪ ಕೈಯ ಮಸಿಯನ್ನು ಹಳೇ ಬನಿಯನ್ನಿನ ತುಂಡಿಗೆ ಒರೆಸಿಕೊಳ್ಳುತ್ತಾ ಬಂದರು. ಸೀತಾರಾಮಯ್ಯ ಮೇಷ್ಟ್ರ ಕೈಯಲ್ಲಿದ್ದದ್ದು ಅಂಗೈಯಗಲದ ಸತುವಿನ ತಗಡು. ತಗಡಿನ ಕೆಳಗೆ ಮರದ ತುಂಡು. ಪ್ರೆಸ್ಸಿನವರು ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಮಸಿ ಹಚ್ಚಿ ಕಾಗದಕ್ಕೆ ಒತ್ತಿದರೆ ಪೇಪರಿನಲ್ಲಿ ಫೋಟೋ ಮೂಡುತ್ತದೆ.

ಈ ತಗಡಿನಲ್ಲಿದ್ದ ಮುಖ ಸಿದ್ದಗಂಗಯ್ಯನದು. ಗುಬ್ಬಿ ಹತ್ತಿರದ ಕಡಬದ ಪ್ರೈಮರಿ ಸ್ಕೂಲಿನ ಮೇಷ್ಟ್ರು, ಸೀತಾರಾಮಯ್ಯನವರ ಹಳೆಯ ಶಿಷ್ಯ. ಒಂದು ಇರುವೆ ಸಾಲು ಅಡ್ಡ ಬಂದರೂ ದಾಟದೆ ನಿಲ್ಲುವ ಪ್ರಾಣಿ. ಅಂಥವನು ಕೊಲೆಗಾರನೆನಿಸಿಕೊಂಡು ಕುಣಿಗಲ್ ಲಾಕಪ್ಪಿನಲ್ಲಿ ಕೂತು ಇವತ್ತಿಗೆ ಐದು ದಿನ.

"ಅದಾ? ಮೊಳೆ ಸಾರ್," ಅಂದರು ಚೌಡಪ್ಪ.

"ಮೊಳೆ?"

"ತಗಡು ಮರದಿಂದ ಬಿಟ್ಕೊಂಡಿತ್ತು. ಎದ್ದು ರೋಲರ್‌ಗೆ ಸಿಕ್ರೆ ಕೆಲಸ ಕೆಟ್ಟೋಗುತ್ತೆ. ಅದಕ್ಕೇ ಒಂದು ಸಣ್ಣ ಮೊಳೆ ಹೊಡ್ದೆ. ಅಂಚಿಗೆ ಹೊಡೀಬೇಕಿತ್ತು, ಅಂಚಲ್ಲಿ ಮರ ಸೀಳಿತ್ತು. ಮಧ್ಯಕ್ಕೇ ಕುಟ್ಟಿದೆ."

"ಯಾವತ್ತು ಹೊಡೆದಿರಿ? ಯೋಚನೆ ಮಾಡಿ ಹೇಳಿ. ಒಬ್ಬನ ಪ್ರಾಣ ಇದರ ಮೇಲಿದೆ."

"ಯೋಚನೆ ಏನ್ ಬಂತು? ಅವತ್ತೇ. ಹೋದ ವಾರ ಬುಧವಾರ ಸಂಜೆ."

ಸೀತಾರಾಮಯ್ಯನವರು ಅಲ್ಲೇ ಇದ್ದ ಕಾಗದದ ಹೊರೆಯ ಮೇಲೆ ಕೂತರು. ಇಪ್ಪತ್ತಾರು ವರ್ಷದಿಂದ ತುಮಕೂರಿನ ಕಾಲೇಜಿನಲ್ಲಿ ತರ್ಕ, ತತ್ವಶಾಸ್ತ್ರ ಪಾಠ ಹೇಳುತ್ತಿದ್ದ ಅವರಿಗೆ ಒಂದು ಮೊಳೆ ಇಷ್ಟು ದೊಡ್ಡ ಪಾಠ ಹೇಳಬಹುದೆಂದು ಗೊತ್ತಿರಲಿಲ್ಲ.

ಹೋದ ವಾರ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಕುಣಿಗಲ್ಲಿನ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್ ವೆಂಕಟೇಶಯ್ಯನವರನ್ನು ಅವರ ಮನೆಯಲ್ಲೇ ಯಾರೋ ಕತ್ತು ಹಿಸುಕಿ ಕೊಂದಿದ್ದರು. ಆ ಮನೆಯಿಂದ ಬಿಳಿ ಶರ್ಟು, ಪಂಚೆಯ ಗಂಡಸೊಬ್ಬ ಹೊರಬಂದದ್ದನ್ನು ಮೂರು ಜನ ಕಂಡಿದ್ದರು. ಮೂವರ ಮಾತು ಕೇಳಿ ಡ್ರಾಯಿಂಗ್ ಮೇಷ್ಟ್ರೊಬ್ಬರು ಚಿತ್ರ ಬರೆದರು. ಆ ಚಿತ್ರ ಕುಣಿಗಲ್ಲಿನ ಅರ್ಧ ಗಂಡಸರನ್ನು ಹೋಲುತ್ತಿತ್ತು. ಅದನ್ನು ಪೇಪರಿನಲ್ಲಿ ಹಾಕಿಸಲೆಂದು ಪೊಲೀಸರು ಕೊಟ್ಟರು, ಬ್ಲಾಕ್ ಮಾಡಿಸಲು ಬೆಂಗಳೂರಿಗೆ ಹೋಯಿತು. ಆದರೆ ಗುರುವಾರ ಬೆಳಗ್ಗೆ 'ಪೊಲೀಸರು ಹುಡುಕುತ್ತಿರುವ ವ್ಯಕ್ತಿ' ಎಂಬ ತಲೆಬರಹದ ಕೆಳಗೆ ಬಂದದ್ದು ಆ ಚಿತ್ರವಲ್ಲ, ಸಿದ್ದಗಂಗಯ್ಯನ ಫೋಟೋ.

"ಇನ್ನೊಂದ್ಸಲ ಹೇಳಿ. ಆ ಸಂಜೆ ಏನಾಯ್ತು?"

ಚೌಡಪ್ಪ ನಿಟ್ಟುಸಿರು ಬಿಟ್ಟರು. ಈ ಕತೆಯನ್ನು ಅವರು ಮಾಲೀಕರಿಗೆ, ಪೊಲೀಸರಿಗೆ, ಮನೆಯಾಕೆಗೆ, ದೇವರಿಗೆ ಹೇಳಿ ಸಾಕಾಗಿದ್ದರು.

"ಬ್ಲಾಕು ಬೆಂಗಳೂರಿಂದ ಆರು ಗಂಟೆ ಬಸ್ಸಲ್ಲಿ ಬರ್ಬೇಕಿತ್ತು. ಕಂಡಕ್ಟರ್ ಕೈಲಿ ಕಳಿಸ್ತಾರೆ. ಬಸ್ಸು ನೆಲಮಂಗಲದ ಹತ್ರ ಕೆಟ್ಟು ನಿಂತಿತ್ತು. ಇಲ್ಲಿ ಪೇಜು ಕಟ್ಟಿ ಆಗಿದೆ, ಎರಡು ಕಾಲಂ ಜಾಗ ಬಾಯಿ ಬಿಟ್ಕೊಂಡು ಕೂತಿದೆ. ಹಂಗೇ ಬಿಟ್ರೆ ಸುತ್ತ ಜೋಡಿಸಿರೋ ಅಕ್ಷರ ಎಲ್ಲಾ ಜಾರಿ ಬೀಳುತ್ತೆ. ಅದಕ್ಕೆ ನಾವು ಏನ್ಮಾಡ್ತೀವಿ, ಅದೇ ಅಳತೆ ಹಳೇ ಬ್ಲಾಕೊಂದು ತುರುಕಿ ಬಿಗೀತೀವಿ. ಹೊಸದು ಬಂದ್ಮೇಲೆ ಅದನ್ನ ತೆಗ್ದು ಇದನ್ನ ಇಡೋದು. ಎಲ್ಲಾ ಪ್ರೆಸ್ಸಲ್ಲೂ ಹಂಗೇಯ."

"ಹೊಸದು ಬರ್ಲಿಲ್ಲ."

"ಬರ್ಲಿಲ್ಲ. ನಾನು ಊಟಕ್ಕೋಗಿದ್ದೆ, ಮೆಷಿನ್ ಹತ್ತಿಸ್ಬಿಟ್ರು."

"ಯಾರ ಮುಖ ತುರುಕ್ತಾ ಇದೀವಿ ಅಂತ ನೋಡ್ಲಿಲ್ವೇನ್ರೀ?"

"ಬ್ಲಾಕಲ್ಲಿ ಮುಖ ಎಲ್ಲಿ ಕಾಣುತ್ತೆ ಸಾರ್? ಎಡ ಬಲ ಉಲ್ಟಾ, ಮೇಲೆ ಮಸಿ ಮೆತ್ಕೊಂಡಿರುತ್ತೆ. ಮೂವತ್ತೆರಡು ವರ್ಷದಿಂದ ನನಗೆ ಮನುಷ್ಯರು ಅಂದ್ರೆ ಎರಡೇ ಜಾತಿ. ಒಂದು ಕಾಲಂನೋರು, ಎರಡು ಕಾಲಂನೋರು. ಒಂದ್ಸಲ ಮದುವೆ ಶುಭಾಶಯಕ್ಕೆ ಶ್ರದ್ಧಾಂಜಲಿ ಬ್ಲಾಕು ಹೋಗಿ, ಹೆಣ್ಣಿನ ಕಡೆಯೋರು ದೊಣ್ಣೆ ತಗೊಂಡು ಬಂದಿದ್ರು."

ಬೇರೆ ದಿನವಾಗಿದ್ದರೆ ಸೀತಾರಾಮಯ್ಯನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವತ್ತು ನಗು ಬರಲಿಲ್ಲ.

"ಎಂಬತ್ತೊಂದರ ಸೆಪ್ಟೆಂಬರ್ ಫೈಲು ತೆಗೀರಿ. ಸಿದ್ದಗಂಗಯ್ಯನಿಗೆ ತಾಲ್ಲೂಕಿನ ಒಳ್ಳೇ ಉಪಾಧ್ಯಾಯ ಅಂತ ಶಾಲು ಹೊದಿಸಿದಾಗ ಇದೇ ಬ್ಲಾಕಿಂದ ಫೋಟೋ ಹಾಕಿದ್ರಿ."

ಫೈಲಿನ ಧೂಳು ಹಾರಿತು. ಎರಡು ವರ್ಷದ ಹಿಂದಿನ ಹಾಳೆ ಒಂದು ಕಡೆ, ಹೋದ ವಾರದ ಹಾಳೆ ಇನ್ನೊಂದು ಕಡೆ. ಅದೇ ಮುಖ, ಅದೇ ಬೈತಲೆ, ಅದೇ ಕಾಲರು. ಹಳೆಯದರಲ್ಲಿ ಕೆನ್ನೆ ಸ್ವಚ್ಛ. ಹೊಸದರಲ್ಲಿ ಎಡಗೆನ್ನೆಯ ನಡುವೆ ಹುರುಳಿಕಾಳಿನಷ್ಟು ಕಪ್ಪು ಚುಕ್ಕೆ.

ಸೋಮವಾರ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಆ ಮೂವರಲ್ಲಿ ಒಬ್ಬರೂ ಮಚ್ಚೆಯ ಮಾತೆತ್ತಿರಲಿಲ್ಲ. ಶನಿವಾರದ ಹೇಳಿಕೆಯಲ್ಲಿ ಮೂವರೂ ಎತ್ತಿದ್ದರು. 'ಎಡಗೆನ್ನೆ ಮೇಲೆ ದಪ್ಪ ಮಚ್ಚೆ ಇತ್ತು, ಚೆನ್ನಾಗಿ ನೆನಪಿದೆ.' ಸಿದ್ದಗಂಗಯ್ಯನ ಕೆನ್ನೆಯ ಮೇಲೆ ಮಚ್ಚೆಯೂ ಇಲ್ಲ, ಮಣ್ಣೂ ಇಲ್ಲ. ಅವರು ನೆನಪಿಸಿಕೊಂಡದ್ದು ಚೌಡಪ್ಪನ ಮೊಳೆಯನ್ನು.

"ಈ ಬ್ಲಾಕು ಇವತ್ತೊಂದು ದಿನ ನನ್ನ ಹತ್ರ ಇರ್ಲಿ."

"ತಗೊಂಡೋಗಿ. ಆದ್ರೆ ಮರೀದೆ ವಾಪಸ್ ತಂದ್ಕೊಡಿ ಸಾರ್. ಎರಡು ಕಾಲಂ ಬ್ಲಾಕು ನಮ್ಮಲ್ಲಿ ಬಾಳ ಕಮ್ಮಿ," ಅಂದರು ಚೌಡಪ್ಪ.

*

ಗುಬ್ಬಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಸೀತಾರಾಮಯ್ಯನವರಿಗೆ ಹೊರಗಿನದೇನೂ ಕಾಣಲಿಲ್ಲ. ಕುಣಿಗಲ್ಲಿನ ಸಬ್ ಇನ್ಸ್‌ಪೆಕ್ಟರ್ ರಾಮಾಂಜಿನಯ್ಯ ನಿನ್ನೆ ಹೇಳಿದ ಮಾತೇ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

"ತಪ್ಪಾಗಿ ಹಾಕಿದ್ರೋ ಬೇಕಂತ ಹಾಕಿದ್ರೋ, ಸರಿಯಾದವನನ್ನೇ ಹಾಕಿದಾರೆ ಮೇಷ್ಟ್ರೇ! ಪೇಪರ್ನೋರು ಕತ್ತಲಲ್ಲಿ ಕಲ್ಲು ಹೊಡೆದ್ರು, ಹಣ್ಣು ಬಿತ್ತು. ಮೂರು ಜನ ಗುರುತು ಹಿಡಿದಿದಾರೆ. ನಾನೇನ್ ಮಾಡ್ಲಿ?"

"ಮಚ್ಚೆ ಎಲ್ಲಿ ಇನ್ಸ್‌ಪೆಕ್ಟ್ರೇ?"

"ವೇಷಕ್ಕೆ ಅಂಟಿಸ್ಕೊಂಡಿದ್ದ. ಆಮೇಲೆ ಕಿತ್ತು ಹಾಕಿದ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೇವೆ. ಇಲ್ಲಿ ಎಮ್ಮೆಯನ್ನೇ ಎತ್ತು ಎಂದು ಪೇಪರಿನಲ್ಲಿ ಹಾಕಿ ಆಗಿತ್ತು. ಆದರೂ ರಾಮಾಂಜಿನಯ್ಯ ಕೆಟ್ಟವರಲ್ಲ. ಮೇಲಿನವರ ಒತ್ತಡಕ್ಕೆ ನಿದ್ದೆಗೆಟ್ಟವರು. ಕೊನೆಗೆ ಒಂದು ಬಾಗಿಲು ತೆರೆದಿಟ್ಟಿದ್ದರು. "ನಾಳಿದ್ದು ಹನ್ನೊಂದಕ್ಕೆ ಮತ್ತೆ ಕೋರ್ಟಿಗೆ ಹಾಜರು ಮಾಡ್ಬೇಕು. ಮೊದಲು ಬೆರಳು ತೋರ್ಸಿದ್ದು ಗುಬ್ಬಿ ಗಿರಿಯಮ್ಮ. ಮಿಕ್ಕವರಿಬ್ಬರೂ ಅವಳ ಹಿಂದೆ ಬಂದೋರು. ನಾಳೆ ಸಂಜೆ ಐದರೊಳಗೆ ಅವಳ ಬಾಯಲ್ಲೇ ಬೇರೆ ಮಾತು ಬಂದ್ರೆ, ನಾನೂ ಬೇರೆ ಬರೀತೀನಿ."

ಆ ನಾಳೆ ಇವತ್ತೇ. ಗಡಿಯಾರದಲ್ಲಿ ಮಧ್ಯಾಹ್ನ ಒಂದೂ ಕಾಲು.

ಅವರ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ಫ್ರಾನ್ಸಿನ ಹೊಸ ಪಂಡಿತರ ವಾದವೊಂದರ ಝೆರಾಕ್ಸ್ ತಂದುಕೊಟ್ಟಿದ್ದರು. ಈ ಕಾಲದಲ್ಲಿ ನಕಲು ಅಸಲನ್ನು ಹಿಂಬಾಲಿಸುವುದಿಲ್ಲ, ಅಸಲೇ ನಕಲನ್ನು ಹಿಂಬಾಲಿಸುತ್ತದೆ. ಪೇಪರು, ರೇಡಿಯೋ, ಟೀವಿ ಲೋಕವನ್ನು ತೋರಿಸುವುದಿಲ್ಲ, ತಯಾರಿಸುತ್ತವೆ ಎಂಬ ಮಾತು. ಸೀತಾರಾಮಯ್ಯನವರು ಅದನ್ನು ತರಗತಿಯಲ್ಲಿ ಓದಿ ಚೆನ್ನಾಗಿ ಗೇಲಿ ಮಾಡಿದ್ದರು. ಹೊಟ್ಟೆ ತುಂಬಿದವರ ಮಾತು ಎಂದಿದ್ದರು.

ಹಗ್ಗವನ್ನು ಹಾವೆಂದು ತಿಳಿಯುವ ಭ್ರಮೆಯ ಬಗ್ಗೆ ಅವರಿಗೆ ಎಂದೂ ಭಯವಿರಲಿಲ್ಲ. ದೀಪ ತಂದರೆ ಹಗ್ಗ ಕಾಣುತ್ತದೆ. ಇಲ್ಲಿ ಹಗ್ಗವೇ ಇಲ್ಲದೆ ಹಾವಿತ್ತು, ಅದು ಸಿದ್ದಗಂಗಯ್ಯನನ್ನು ಕಚ್ಚಿಯೂ ಆಗಿತ್ತು. ದೀಪ ಎಲ್ಲಿಗೆ ಹಿಡಿಯುವುದೆಂದು ತಿಳಿಯದೆ ಮೇಷ್ಟ್ರು ಚೀಲದೊಳಗಿನ ಬ್ಲಾಕನ್ನು ಗಟ್ಟಿಯಾಗಿ ಒತ್ತಿ ಹಿಡಿದರು.

*

ಗುಬ್ಬಿ ಬಸ್ ಸ್ಟ್ಯಾಂಡಿನ ಗೋಡೆಗೆ ಒಂದು ಮರದ ಹಲಗೆ ಹೊಡೆದಿದ್ದರು. ಪೇಪರ್ ಏಜೆಂಟ್ ದಿನಾ ಬೆಳಗ್ಗೆ ಅದರ ಮೇಲೆ ಮೊದಲ ಪುಟ ಅಂಟಿಸುತ್ತಾನೆ. ಕಾಸಿಲ್ಲದವರು ನಿಂತು ಓದುತ್ತಾರೆ, ಓದು ಬಾರದವರು ಓದುವವರ ಬಾಯಿ ನೋಡುತ್ತಾರೆ.

ಹೋದ ಶನಿವಾರ ಸಿದ್ದಗಂಗಯ್ಯ ಕಡಬದ ಬಸ್ಸಿಗೆ ಕಾಯುತ್ತಾ ಈ ಹಲಗೆಯ ಮುಂದೆಯೇ ನಿಂತಿದ್ದ. ಹಳೆಯ ಹಾಳೆ ಇನ್ನೂ ಕಿತ್ತಿರಲಿಲ್ಲ. ತನ್ನದೇ ಮುಖ, ಮೇಲೆ ಆ ತಲೆಬರಹ. ಅವನು ಬಾಯಿ ತೆರೆದು ನೋಡುತ್ತಿದ್ದಾಗಲೇ ಹಿಂದಿನಿಂದ ಹೆಂಗಸೊಬ್ಬಳು "ಇವ್ನೇ, ಇವ್ನೇ!" ಎಂದು ಕಿರುಚಿದ್ದಳು. ಆಮೇಲೆ ಜನ ಮುತ್ತಿ ಅವನ ಎರಡು ಹಲ್ಲು ಮುರಿದಿದ್ದರು.

ಆ ಹೆಂಗಸು ಗಿರಿಯಮ್ಮ. ಹಲಗೆಯ ಎದುರಿಗೆ, ಹತ್ತು ಹೆಜ್ಜೆ ದೂರದಲ್ಲಿ, ಸೀಬೆಹಣ್ಣಿನ ಕುಕ್ಕೆ ಇಟ್ಟುಕೊಂಡು ಕೂತಿದ್ದಳು. ಐವತ್ತು ದಾಟಿದ ಗಟ್ಟಿ ಮೈ, ಹಣೆಯಲ್ಲಿ ಕಾಸಗಲ ಕುಂಕುಮ. ಕೊಲೆಯ ದಿನ ಅವಳು ಕುಣಿಗಲ್ಲಿನಲ್ಲಿ ತಂಗಿಯ ಮನೆಯ ಅಂಗಳಕ್ಕೆ ನೀರು ಹಾಕುತ್ತಿದ್ದಳು. ತಂಗಿಯ ಮನೆ ವೆಂಕಟೇಶಯ್ಯನವರ ಮನೆಗೆ ಎದುರು ಮನೆ.

"ನೀವು ಆ ಮೇಷ್ಟ್ರ ಕಡೆಯೋರಾ?" ಎಂದಳು, ಸೀತಾರಾಮಯ್ಯನವರು ಬಾಯಿ ತೆರೆಯುವ ಮೊದಲೇ. "ನಾನು ಸುಳ್ಳು ಯೋಳೋಳಲ್ಲ ಬುದ್ಧಿ. ಕಣ್ಣಲ್ ಕಂಡಿದ್ನ ಯೋಳಿದೀನಿ. ಪೇಪರ್ ಪಾಪರ್ ನಂಗೊತ್ತಿಲ್ಲ, ನಾನು ಎಬ್ಬೆಟ್ಟು."

"ನೀವು ಸುಳ್ಳು ಹೇಳಿದ್ರಿ ಅಂತ ನಾನು ಹೇಳೋಕೆ ಬಂದಿಲ್ಲಮ್ಮ. ಒಂದೇ ಒಂದು ಕೇಳ್ತೀನಿ. ಅವನು ಬಾಗಿಲಿಂದ ಬೀದಿ ತಿರುವಿಗೆ ಹೋಗೋಕೆ ಎಷ್ಟು ಹೊತ್ತಾಯ್ತು?"

"ಒಂದ್ ಚೆಂಬು ನೀರು ಚೆಲ್ಲೋ ಅಷ್ಟೊತ್ತು."

"ಮುಖ ನಿಮ್ಮ ಕಡೆ ಇತ್ತಾ?"

"ಒಂದ್ಸಲಿ ತಿರುಗ್ದ. ಆವಾಗ್ಲೇ ನೋಡಿದ್ದು."

ಸೀತಾರಾಮಯ್ಯನವರು ಹಲಗೆಯತ್ತ ನೋಡಿದರು. "ಆ ಹಲಗೆ ಮೇಲೆ ಅವನ ಫೋಟೋ ಎಷ್ಟು ದಿನ ಇತ್ತು?"

ಗಿರಿಯಮ್ಮ ಕುಕ್ಕೆಯ ಹಣ್ಣುಗಳನ್ನು ಒಪ್ಪ ಮಾಡತೊಡಗಿದಳು. ಉತ್ತರ ಕೊಟ್ಟವನು ಪಕ್ಕದ ಕಾಫಿ ಹೋಟೆಲಿನವನು. "ಮೂರು ದಿನ ಇತ್ತು ಸಾರ್. ಶುಕ್ರವಾರ ಏಜೆಂಟ್ ಬರ್ಲಿಲ್ಲ, ಶನಿವಾರನೂ ಬರ್ಲಿಲ್ಲ. ದಿನಕ್ಕೆ ಐವತ್ತು ಜನಕ್ಕೆ ಓದಿ ಓದಿ ನನ್ ಗಂಟಲು ಬಿದ್ದೋಯ್ತು."

"ಶುಕ್ರವಾರದ ಪೇಪರಲ್ಲಿ ತಿದ್ದುಪಡಿ ಹಾಕಿದ್ರಲ್ಲಪ್ಪ, ಫೋಟೋ ತಪ್ಪಾಗಿ ಬಂದಿದೆ ಅಂತ?"

"ಅದು ಮೂರನೇ ಪುಟದಲ್ಲಿ ಬಂದಿರ್ಬೇಕು. ಈ ಹಲಗೆಗೆ ಅಂಟಿಸೋದು ಮೊದಲನೇ ಪುಟ ಮಾತ್ರ ಸಾರ್. ಅಲ್ಲದೆ ಪೇಪರಲ್ಲಿ ಬಂದ್ಮೇಲೆ ಅದು ಹೆಂಗೆ ಸುಳ್ಳಾಗುತ್ತೆ?"

ಆ ಹೋಟೆಲಿನವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು ಮೇಷ್ಟ್ರಿಗೆ. ತಿದ್ದುಪಡಿಯ ಎರಡು ಸಾಲು ಮೂರನೇ ಪುಟದ ತಳದಲ್ಲಿ ಬಿದ್ದಿದ್ದನ್ನು ಅವರು ನೋಡಿದ್ದರು, ಅದನ್ನು ಜಿಲ್ಲೆಯಲ್ಲಿ ಇನ್ನೊಬ್ಬ ನೋಡಿದ್ದನೋ ಇಲ್ಲವೋ. ಸಿಟ್ಟು ನುಂಗಿಕೊಂಡು ಚೀಲದಿಂದ ಎರಡು ಹಾಳೆ ತೆಗೆದು ಕುಕ್ಕೆಯ ಪಕ್ಕ ಹಾಸಿದರು.

"ನೋಡಿ ಗಿರಿಯಮ್ಮ. ಇವರಲ್ಲಿ ಯಾರು?"

ಅವಳ ಬೆರಳು ತಡಮಾಡಲಿಲ್ಲ. ಸೀದಾ ಹೊಸ ಹಾಳೆಗೆ ಬಂತು. "ಇವ್ನೇ. ನೋಡಿ, ಮಚ್ಚೆ ಐತಲ್ಲ."

"ಮತ್ತೆ ಇದು?"

ಗಿರಿಯಮ್ಮ ಹಳೆಯ ಹಾಳೆಯ ಮೇಲೆ ಬಗ್ಗಿದಳು. ಸ್ವಲ್ಪ ಹೊತ್ತು ನೋಡಿದಳು. "ಇದು ಬ್ಯಾರೆಯೋರು. ಇವ್ನ ತಮ್ಮ ಇರ್ಬೇಕು. ಮಖದಲ್ಲಿ ಒಳ್ಳೇತನ ಐತೆ."

ಒಂದೇ ತಗಡಿನಿಂದ ಬಂದ ಎರಡು ಮುಖ. ಒಂದಕ್ಕೆ ಒಳ್ಳೆಯತನ, ಇನ್ನೊಂದಕ್ಕೆ ಕೊಲೆ.

ಸೀತಾರಾಮಯ್ಯನವರು ಬ್ಲಾಕನ್ನು ಹೊರತೆಗೆದು ಅವಳ ಕೈಗಿಟ್ಟರು. ಪೇಪರಿನ ಫೋಟೋ ಹೇಗೆ ಆಗುತ್ತದೆ, ಬಸ್ಸು ಹೇಗೆ ಕೆಟ್ಟಿತು, ಚೌಡಪ್ಪ ಹೇಗೆ ಮೊಳೆ ಹೊಡೆದರು, ಎಲ್ಲವನ್ನೂ ನಿಧಾನವಾಗಿ ಹೇಳಿದರು. ಗಿರಿಯಮ್ಮನ ಹೆಬ್ಬೆರಳು ತಗಡಿನ ಮೇಲೆ ಓಡಾಡಿ ಮೊಳೆಯ ತಲೆಯ ಹತ್ತಿರ ನಿಂತಿತು.

"ಮೊಳೇನಾ ಇದು?"

"ಮೊಳೆ. ಅವನ ಕೆನ್ನೆ ಮೇಲೆ ಏನೂ ಇಲ್ಲ. ನೀವೇ ಶನಿವಾರ ಅಷ್ಟು ಹತ್ತಿರದಿಂದ ನೋಡಿದ್ರಲ್ಲ, ಇತ್ತಾ?"

"ರಕ್ತ ಮೆತ್ಕೊಂಡಿತ್ತಲ್ಲ ಬುದ್ಧಿ," ಎಂದಳು. ದನಿ ಮೆತ್ತಗಾಗಿತ್ತು.

"ಕಣ್ಣು ಮುಚ್ಚಿ. ತಂಗಿ ಮನೆ ಅಂಗಳದಲ್ಲಿ ನಿಂತಿದೀರ. ಕೈಯಲ್ಲಿ ಚೆಂಬಿದೆ. ಎದುರು ಮನೆ ಬಾಗಿಲು ತೆಗೀತು."

ಬಸ್ ಸ್ಟ್ಯಾಂಡಿನ ಗಲಾಟೆಯ ಮಧ್ಯೆ ಗಿರಿಯಮ್ಮ ಕಣ್ಣು ಮುಚ್ಚಿದಳು. "ತೆಗೀತು... ಬಿಳೀ ಸಲ್ಟು... ಪಂಚೆ ಎತ್ತಿ ಕಟ್ಟವ್ನೆ. ಮೆಟ್ಲಿಳುದ. ತಿರುಗ್ದ. ಇವ್ನೇ."

"ಮಚ್ಚೆ ಇದೆಯಾ?"

"ಐತೆ."

"ಅದು ಇರೋಕೆ ಸಾಧ್ಯ ಇಲ್ಲಮ್ಮ. ಅವತ್ತು ಸೋಮವಾರ. ಮೊಳೆ ಹೊಡೆದಿದ್ದು ಬುಧವಾರ. ಮಚ್ಚೆ ತೆಗೆದು ನೋಡಿ."

ಅವಳ ಹಣೆ ಗಂಟಿಕ್ಕಿತು. ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಅತ್ತಿತ್ತ ಹೊರಳಿತು. ಒಂದು ಬಸ್ಸು ಬಂದು ನಿಂತು, ಜನ ಇಳಿದು, ಹೋಯಿತು. ಅವಳು ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು.

"ಮಚ್ಚೆ ತೆಗುದ್ರೆ ಮಖಾನೇ ಓಯ್ತದೆ ಬುದ್ಧಿ."

ಸೀತಾರಾಮಯ್ಯನವರಿಗೆ ಗೆದ್ದೆನೆಂದು ಅನ್ನಿಸಲಿಲ್ಲ, ಅಯ್ಯೋ ಅನ್ನಿಸಿತು.

"ನಾನು ಒಬ್ಬನ್ನ ನೋಡಿದ್ದು ನಿಜ," ಗಿರಿಯಮ್ಮನ ದನಿ ಏರಿತು. "ಆ ತಾಯಾಣೆ ನೋಡಿದೀನಿ. ಅವ್ನು ನನ್ ಕಣ್ಣಲ್ಲೇ ಇದ್ದ. ಅವ್ನ ಎಲ್ಗಾಕುದ್ರಿ ನೀವೆಲ್ಲಾ? ಆ ಅಲಗೆ ಮ್ಯಾಲೆ ಇವ್ನ ತಂದ್ ಅಂಟುಸಿ, ನನ್ ಕಣ್ಣಲ್ಲಿದ್ದೋನ ಒರ್ಸಾಕ್ಬುಟ್ರಲ್ಲ! ಈಗ ಕೊಂದೋನು ನನ್ ಮುಂದೆ ಬಂದು ಸೀಬೆಹಣ್ಣು ತಗೊಂಡೋದ್ರೂ ನಂಗ್ ಗೊತ್ತಾಗಾಕಿಲ್ಲ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಪ್ರತ್ಯಕ್ಷವೇ ಕಳೆದುಹೋದವರು ಯಾವುದನ್ನು ಪ್ರಮಾಣಿಸುವುದು?

"ನನ್ನ ಜೊತೆ ಕುಣಿಗಲ್‌ಗೆ ಬರ್ತೀರಾ? ಈಗ ನನಗೆ ಹೇಳಿದ್ದನ್ನೇ ಸಬ್ ಇನ್ಸ್‌ಪೆಕ್ಟರ್ ಮುಂದೆ ಹೇಳಿದ್ರೆ ಸಾಕು. ಐದು ಗಂಟೆಯೊಳಗೆ."

ಗಿರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕುಕ್ಕೆಯನ್ನು ಎತ್ತಿ ಹೋಟೆಲಿನವನ ಮುಂದೆ ಕುಕ್ಕಿದಳು. "ನೋಡ್ಕಳ್ಲಾ ಇದ್ನ. ಒಂದ್ ಅಣ್ಣು ಕಮ್ಮಿಯಾದ್ರೂ ನಿನ್ ಓಟ್ಲು ಇರಾಕಿಲ್ಲ." ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. "ನಡೀರಿ ಬುದ್ಧಿ. ಆ ಮಗ ನನ್ ಬಾಯಿಂದ ಒಳಕ್ಕೋಗವ್ನೆ. ನನ್ ಬಾಯಿಂದ್ಲೇ ಈಚೆಗ್ ಬರ್ಲಿ."

*

ತುಮಕೂರಿನಲ್ಲಿ ಬಸ್ಸು ಬದಲಿಸಬೇಕಾಯಿತು. ಹೊರಡುವುದು ಇಪ್ಪತ್ತು ನಿಮಿಷ ತಡವಾಯಿತು. ಹೆಬ್ಬೂರಿನ ಹತ್ತಿರ ರಸ್ತೆಗೆ ಅಡ್ಡ ಎಮ್ಮೆಗಳು. ಸೀತಾರಾಮಯ್ಯನವರು ಗಡಿಯಾರ ನೋಡಿ ನೋಡಿ ಅದರ ಮುಳ್ಳನ್ನೇ ಸವೆಸುತ್ತಾರೇನೋ ಎಂಬಂತಿತ್ತು. ಸ್ಟೇಷನ್ನಿನ ಮೆಟ್ಟಿಲು ಹತ್ತಿದಾಗ ನಾಲ್ಕೂ ಐವತ್ತು.

ರಾಮಾಂಜಿನಯ್ಯ ಎರಡೂ ಹಾಳೆಗಳನ್ನು ನೋಡಿದರು. ಬ್ಲಾಕಿನ ಮೊಳೆಯನ್ನು ಉಗುರಿನಿಂದ ಕೆರೆದರು. ಗಿರಿಯಮ್ಮನ ಮಾತನ್ನು ಎರಡು ಸಲ ಕೇಳಿಸಿಕೊಂಡರು. ಮೂರನೆಯ ಸಲ ಕೇಳಹೊರಟಾಗ ಅವಳೇ ಗದರಿದಳು. "ನಂಗ್ ಗೊತ್ತಿಲ್ಲ ಅಂತ ಯೋಳ್ತಾ ಇವ್ನಿ, ಬರ್ಕಳಿ ಸ್ವಾಮಿ. ಗೊತ್ತೈತೆ ಅಂದಾಗ ಬಿರ್ ಬಿರ್ನೆ ಬರ್ಕಂಡ್ರಲ್ಲ!"

ಸಬ್ ಇನ್ಸ್‌ಪೆಕ್ಟರ್ ಮುಖ ಕೆಂಪಾಯಿತು. ಆದರೂ ಬರೆದರು. ಗಿರಿಯಮ್ಮ ಹೆಬ್ಬೆಟ್ಟು ಒತ್ತಿದಳು.

"ಮೊದಲು ಆ ಮೇಷ್ಟ್ರ ಮಖ ನೋಡ್ಬೇಕು ನಾನು. ತಪ್ಪಾಯ್ತು ಅನ್ಬೇಕು."

ಲಾಕಪ್ಪಿನ ಮೂಲೆಯಲ್ಲಿ ಸಿದ್ದಗಂಗಯ್ಯ ಮೊಣಕಾಲು ತಬ್ಬಿ ಕೂತಿದ್ದ. ಐದೇ ದಿನದಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಾಣುತ್ತಿದ್ದ. ಪಕ್ಕದಲ್ಲಿ ಕೊಲೆಯ ಸುದ್ದಿಯಿದ್ದ ಹಳೇ ಹೊಸ ಪೇಪರುಗಳ ಕಟ್ಟು. ಕೇಳಿಕೊಂಡಾಗಲೆಲ್ಲ ಕಾನ್‌ಸ್ಟೇಬಲ್ ಒಬ್ಬ ತಂದುಕೊಟ್ಟಿದ್ದನಂತೆ.

"ತಪ್ಪಾಯ್ತು ಕಣಪ್ಪ," ಗಿರಿಯಮ್ಮ ಸರಳು ಹಿಡಿದು ಕೂತುಬಿಟ್ಟಳು. "ನಾನು ನೋಡಿದ್ದು ನಿನ್ನಲ್ಲ."

ಸಿದ್ದಗಂಗಯ್ಯ ತಲೆ ಎತ್ತಿದ. ಮುರಿದ ಹಲ್ಲಿನ ಸಂದಿಯಿಂದ ಮಾತು ಸೀಳಿ ಬರುತ್ತಿತ್ತು.

"ಇಲ್ಲಮ್ಮ. ನೀವು ನೋಡಿದ್ದು ನನ್ನನ್ನೇ."

ಸೀತಾರಾಮಯ್ಯನವರು ಸರಳಿಗೆ ಮುಖ ತಂದರು. "ಏನಂದೆ ಸಿದ್ದಗಂಗಯ್ಯ?"

"ನಾನೇ ಹೋಗಿದ್ದೆ ಸಾರ್. ಮೊದಮೊದಲು ಇಲ್ಲ ಅಂತಿದ್ದೆ. ಆ ಸೋಮವಾರ ಸ್ಕೂಲಿಗೆ ರಜ, ಕಡಬದ ಕೆರೆ ಏರಿ ಮೇಲೆ ಒಬ್ಬನೇ ಕೂತಿದ್ದೆ ಅಂತ ಅನ್ಕೊಂಡಿದ್ದೆ. ಆದ್ರೆ ಆ ಏರಿ ನೆನಪಿಗೆ ಬರಲ್ಲ ಸಾರ್. ಕಣ್ಣು ಮುಚ್ಚಿದ್ರೆ ಆ ಮನೆನೇ ಬರುತ್ತೆ. ಬೆಳಗ್ಗೆ ಇವ್ರಿಗೆ ಹೇಳಿದೆ. ನಾಳೆ ಕೋರ್ಟಲ್ಲೂ ಹೇಳ್ತೀನಿ."

"ಹೌದು ಮೇಷ್ಟ್ರೇ," ಅಂದರು ರಾಮಾಂಜಿನಯ್ಯ ಹಿಂದಿನಿಂದ. "ನಿಮಗೆ ಹೇಳೋಣ ಅಂತಿದ್ದೆ, ನೀವು ಬ್ಲಾಕು ಕೈಗಿಟ್ರಿ."

"ಏನು ಬರುತ್ತೆ ಕಣ್ಣಿಗೆ? ಒಂದೊಂದೇ ಹೇಳು," ಎಂದರು ಸೀತಾರಾಮಯ್ಯ. ಈ ಹತ್ತು ದಿನ ಕೊಲೆಯ ಬಗ್ಗೆ ಬಂದ ಸುದ್ದಿಯನ್ನೆಲ್ಲ, ಯಾವ ಪೇಪರನ್ನೂ ಬಿಡದೆ, ಅವರು ಕತ್ತರಿಸಿ ಚೀಲದಲ್ಲಿಟ್ಟುಕೊಂಡಿದ್ದರು. ಆ ಕಟ್ಟನ್ನು ಬಿಚ್ಚಿದರು.

"ಹಿತ್ತಲ ಬಾಗಿಲಿಂದ ಒಳಗೆ ಹೋದೆ."

ಮೇಷ್ಟ್ರು ಒಂದು ತುಣುಕನ್ನು ಎಳೆದು ಸಬ್ ಇನ್ಸ್‌ಪೆಕ್ಟರ್ ಮುಂದೆ ಹಿಡಿದರು. 'ದಿನದೀಪ', ಮಂಗಳವಾರ. ಹಂತಕ ಹಿತ್ತಲ ಬಾಗಿಲಿನಿಂದ ಒಳನುಗ್ಗಿದನೆಂದು ಬರೆದಿತ್ತು. "ಇನ್ಸ್‌ಪೆಕ್ಟ್ರೇ, ಆ ಮನೆಗೆ ಹಿತ್ತಲ ಬಾಗಿಲು ಎಲ್ಲಿದೆ?"

ರಾಮಾಂಜಿನಯ್ಯ ಗಡ್ಡ ಕೆರೆದುಕೊಂಡರು. "ಇಲ್ಲ. ಹಿಂದೆ ಪಕ್ಕದ ಮನೆಯವರ ಗೋಡೆ."

"ಆಮೇಲೆ?"

"ವೆಂಕಟೇಶಯ್ಯನವರು ಈಸಿ ಚೇರಲ್ಲಿ ಕೂತು ಕಾಫಿ ಕುಡೀತಾ ಇದ್ರು."

ಇನ್ನೊಂದು ತುಣುಕು. ಬುಧವಾರದ ಬೆಂಗಳೂರು ಪೇಪರು, ಅದರಲ್ಲೂ ಅದೇ ಈಸಿ ಚೇರು, ಅದೇ ಕಾಫಿ.

"ಕಾಫಿ ಕುಡೀತಿರಲಿಲ್ಲ ಆ ಮುದುಕ್ರು," ಅಂದಳು ಗಿರಿಯಮ್ಮ. "ಸಕ್ಕರೆ ಕಾಯ್ಲೆ ಬಂದಾಗಿಂದ ಬರೀ ಮಜ್ಜಿಗೆ. ನನ್ ತಂಗೀನೇ ದಿನಾ ಕೊಡ್ತಿದ್ಲು."

ಸೀತಾರಾಮಯ್ಯನವರ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಆ ಬಡಪಾಯಿ ತಾನು ಓದಿದ್ದನ್ನೇ ತಾನು ಮಾಡಿದ್ದೆಂದು ನಂಬಿಬಿಟ್ಟಿದ್ದಾನೆ! ಪೇಪರಿನ ತಪ್ಪುಗಳ ಸಮೇತ ಒಪ್ಪಿಕೊಳ್ಳುತ್ತಿದ್ದಾನೆ. ರಾಮಾಂಜಿನಯ್ಯನವರಿಗೂ ಅದು ಹೊಳೆದಿರಬೇಕು, ಅವರು ಬೆಳಗ್ಗೆ ಬರೆದುಕೊಂಡಿದ್ದ ಹಾಳೆಯನ್ನು ತೆಗೆದು ಅದರ ಮೇಲೆ ಪೆನ್ನಿನಿಂದ ಒಂದು ಅಡ್ಡಗೀಟು ಎಳೆಯಲು ಸಿದ್ಧರಾದರು.

"ಸಾಕು ಕಣಯ್ಯ," ಎಂದರು ಮೇಷ್ಟ್ರು. "ಇದೆಲ್ಲ ನೀನು ಪೇಪರಲ್ಲಿ ಓದಿದ್ದು. ನೀನು ಎಲ್ಲೂ ಹೋಗಿಲ್ಲ, ಏನೂ ಮಾಡಿಲ್ಲ. ನಿನ್ನ ತಲೆಗೆ ಬೇರೆಯವರು ತುರುಕಿದ್ದು."

ಸಿದ್ದಗಂಗಯ್ಯನ ಮುಖದಲ್ಲಿ ಐದು ದಿನದಲ್ಲಿ ಮೊದಲ ಸಲ ಒಂದಿಷ್ಟು ಗೆಲುವು ಕಾಣಿಸಿತು. "ಹೌದಾ ಸಾರ್? ಎಲ್ಲಾನೂ ಓದಿದ್ದೇನಾ?"

"ಎಲ್ಲಾನೂ."

"ರೇಡಿಯೋದ್ದೂ?"

"ಯಾವ ರೇಡಿಯೋ?"

"ಅದು ಹಾಡ್ತಾ ಇತ್ತಲ್ಲ ಸಾರ್. ಆರಿಸೋಕೆ ಹೋದೆ, ಯಾವ ಗುಂಡಿ ಅಂತ ಗೊತ್ತಾಗ್ಲಿಲ್ಲ. ಕುರ್ಚಿ ಮೇಲೆ ಒದ್ದೆ ಟವಲ್ ಇತ್ತು, ಅದನ್ನೇ ರೇಡಿಯೋ ಮೇಲೆ ಹೊದಿಸಿದೆ. ಅವರ ಕನ್ನಡಕ ಮಡಚಿ ಅದರ ಮೇಲಿಟ್ಟೆ."

ಸೀತಾರಾಮಯ್ಯನವರು ತುಣುಕುಗಳನ್ನು ಮಗುಚಿದರು. ಮೊದಲಿಂದ ಕೊನೆಯವರೆಗೆ, ಮತ್ತೆ ಕೊನೆಯಿಂದ ಮೊದಲವರೆಗೆ. ಅವುಗಳಲ್ಲಿ ಎಲ್ಲೂ ರೇಡಿಯೋ ಇರಲಿಲ್ಲ.

ಹಿಂದಿನಿಂದ ಬೀರುವಿನ ಬಾಗಿಲು ತೆರೆದ ಸದ್ದಾಯಿತು. ರಾಮಾಂಜಿನಯ್ಯ ಕೊಲೆಯ ದಿನ ಆ ಮನೆಯಲ್ಲಿ ಬರೆದ ಮಹಜರನ್ನು ತೆಗೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟು ಮೇಷ್ಟ್ರ ಮುಂದೆ ಹಿಡಿದರು. 'ರೇಡಿಯೋ ಪೆಟ್ಟಿಗೆಯ ಮೇಲೆ ಒದ್ದೆ ಟವಲ್ಲು, ಟವಲ್ಲಿನ ಮೇಲೆ ಮಡಚಿದ ಕನ್ನಡಕ.'

"ಇದನ್ನ ನಾನು ಯಾವ ಪೇಪರ್ನೋರಿಗೂ ಹೇಳಿಲ್ಲ ಮೇಷ್ಟ್ರೇ," ಅವರು ಪಿಸುಗುಟ್ಟಿದರು. "ಇವನಿಗೂ ಹೇಳಿಲ್ಲ. ಮಹಜರು ಬರೆದಾಗಿಂದ ಈ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲೇ ಇದೆ."

ಸಿದ್ದಗಂಗಯ್ಯ ಎದ್ದು ಬಂದು ಸರಳು ಹಿಡಿದುಕೊಂಡ. ಬಿಡುಗಡೆಯಾಗುವ ಆಸೆ ಹೊತ್ತ ಕಣ್ಣಿನಿಂದ ಗುರುಗಳ ಮುಖವನ್ನೇ ನೋಡುತ್ತಾ ಕೇಳಿದ.

"ಅದು ಯಾವ ಪೇಪರಲ್ಲಿ ಬಂದಿತ್ತು ಸಾರ್?"